ಹಿಮಸೀಮೆಯ ಗ್ಯಾರೇಜು ಕಾರ್ಯಾಗಾರ: ಕಾವು ಹಿಡಿಯುವುದು, ಕಾವು ತುಂಬುವುದು

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಶಿಗನ್ ಸೀಮೆಯ ಮನೆಗಳಲ್ಲಿ ಗ್ಯಾರೇಜು ಎಂಬುದು ಮನೆಗೆ ಸೇರಿಯೂ ಸೇರದ ಕೋಣೆ. ಸೂರು ಒಂದೇ, ಒಂದು ಗೋಡೆಯೂ ಒಂದೇ. ಆದರೆ ಮನೆಯ ಉಳಿದ ಗೋಡೆಗಳೊಳಗೆ ತುಂಬಿದ ಗಾಜಿನ ಉಣ್ಣೆ ಹಳೆಯ ಗ್ಯಾರೇಜುಗಳ ಗೋಡೆಗೆ ಬಂದಿರುವುದಿಲ್ಲ. ಮರದ ಚೌಕಟ್ಟು, ಅದರ ಹೊರಗೊಂದು ತೆಳು ಹಲಗೆ, ಅದರ ಮೇಲೆ ಹೊರಹೊದಿಕೆ, ಅಷ್ಟೇ. ಕೆಳಗೆ ನಾಲ್ಕು ಇಂಚಿನ ಕಾಂಕ್ರೀಟು, ಮುಂದೆ 16 ಅಡಿ ಅಗಲ, 7 ಅಡಿ ಎತ್ತರದ ತಗಡಿನ ಬಾಗಿಲು. ಕಾರಿಗೆ ಅಷ್ಟು ಸಾಕು. ಅದೇ ಜಾಗದಲ್ಲಿ ಬೆಂಚು ಹಾಕಿ, ಗರಗಸದ ಯಂತ್ರ ಇಟ್ಟು, ರಜೆಯ ದಿನಗಳಲ್ಲಿ ಮರಗೆಲಸವನ್ನೋ ಯಂತ್ರಗಳ ರಿಪೇರಿಯನ್ನೋ ಮಾಡುವವರಿಗೆ ನವೆಂಬರಿನಿಂದ ಮಾರ್ಚಿನವರೆಗೆ ಅದು ಸಾಲುವುದಿಲ್ಲ. ಮಿನಿಯಾಪೊಲಿಸ್‌ನಲ್ಲಿ ಜನವರಿ ರಾತ್ರಿಗಳ ಸರಾಸರಿ ಕನಿಷ್ಠ ತಾಪ ಸೊನ್ನೆಗಿಂತ 13 ಡಿಗ್ರಿ ಸೆಲ್ಸಿಯಸ್ ಕೆಳಗೆ. 2019ರ ಜನವರಿ 30ರಂದು ತಾಪ ಮೈನಸ್ 33ಕ್ಕೆ ಇಳಿದಿತ್ತು.

ಚಳಿ ಕೆಲಸಗಾರನ ಬೆರಳನ್ನಷ್ಟೇ ಮರಗಟ್ಟಿಸುವುದಿಲ್ಲ, ಕೆಲಸದ ಸಾಮಾನನ್ನೂ ಕೆಡಿಸುತ್ತದೆ. ಬಡಗಿಗಳು ಬಳಸುವ ಬಿಳಿ ಅಥವಾ ಹಳದಿ ಅಂಟು, ಅಂದರೆ ನಮ್ಮಲ್ಲಿ ಫೆವಿಕಾಲ್ ಎಂದರೆ ಎಲ್ಲರಿಗೂ ಗೊತ್ತಾಗುವ ಜಾತಿಯದು, ಸುಮಾರು 10 ಡಿಗ್ರಿಗಿಂತ ಕೆಳಗೆ ಸರಿಯಾಗಿ ಪದರಗಟ್ಟುವುದಿಲ್ಲ. ಒಣಗಿದ ಮೇಲೆ ಸುಣ್ಣದ ಪುಡಿಯಂತೆ ಬೆಳ್ಳಗಾಗಿ ಉದುರುತ್ತದೆ, ಜೋಡಣೆ ಕೈಯಲ್ಲೇ ಬಿಟ್ಟುಬರುತ್ತದೆ. ನೀರು ಬೆರೆಸಿದ ಬಣ್ಣ, ವಾರ್ನಿಷುಗಳು ಒಮ್ಮೆ ಹೆಪ್ಪುಗಟ್ಟಿದರೆ ಒಡೆದ ಹಾಲಿನ ಹಾಗೆ, ಕದಡಿದರೂ ಮೊದಲಿನಂತಾಗುವುದಿಲ್ಲ. ಡ್ರಿಲ್ಲು, ಸ್ಕ್ರೂಡ್ರೈವರುಗಳ ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಿದರೆ ಒಳಗಿನ ಋಣಧ್ರುವದ ಮೇಲೆ ಲಿಥಿಯಂ ಲೋಹವಾಗಿಯೇ ಕೂತುಬಿಡುತ್ತದೆ. ಹಾಗೆ ಕಳೆದುಕೊಂಡ ಶಕ್ತಿ ಮರಳಿ ಬರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಿನ ಕಾಟ ತುಕ್ಕಿನದು. ಅದಕ್ಕೆ ಚಳಿಗಿಂತ ಚಳಿ ಓಡಿಸುವ ರೀತಿಯೇ ಹೆಚ್ಚು ಕಾರಣ, ಆ ವಿಷಯ ಮುಂದೆ ಬರುತ್ತದೆ.

ಗ್ಯಾರೇಜಿನಲ್ಲಿ ಚಳಿಯ ಜೊತೆ ಹೆಣಗುತ್ತ ದೊಡ್ಡ ಕೆಲಸ ಮಾಡಿದವರೂ ಇದ್ದಾರೆ. ಗ್ಯಾರೇಜಿನಲ್ಲಿ ಹುಟ್ಟಿದ ಕಂಪನಿ ಎಂದಕೂಡಲೇ ಕ್ಯಾಲಿಫೋರ್ನಿಯಾದ ಹೆಸರುಗಳು ನೆನಪಾಗುತ್ತವೆ. ಅಲ್ಲಿ ಜನವರಿಯಲ್ಲೂ ಬಾಗಿಲು ತೆರೆದಿಟ್ಟು ಕೆಲಸ ಮಾಡಬಹುದು. ಆದರೆ 1949ರಲ್ಲಿ ಅರ್ಲ್ ಬಕನ್ ಮತ್ತು ಪಾಮರ್ ಹರ್ಮಂಡ್ಸ್‌ಲಿ ಆಸ್ಪತ್ರೆಯ ಉಪಕರಣ ರಿಪೇರಿ ಮಾಡಲು ಮೆಡ್‌ಟ್ರಾನಿಕ್ ಕಂಪನಿ ಶುರುಮಾಡಿದ್ದು ಈಶಾನ್ಯ ಮಿನಿಯಾಪೊಲಿಸ್‌ನ ಒಂದು ಗ್ಯಾರೇಜಿನಲ್ಲಿ. ಎರಡು ರೈಲ್ವೆ ಡಬ್ಬಿಗಳನ್ನು ಜೋಡಿಸಿ ಮಾಡಿದ ಜಾಗ ಅದು. ಚಳಿಗಾಲಕ್ಕೆ ಡೊಳ್ಳುಹೊಟ್ಟೆಯ ಕಬ್ಬಿಣದ ಒಲೆಯೊಂದೇ ಗತಿ. 1957ರ ಅಕ್ಟೋಬರ್ 31ರಂದು ನಗರದಲ್ಲಿ ವಿದ್ಯುತ್ ಹೋಯಿತು. ಗೋಡೆಯ ಪ್ಲಗ್ಗಿಗೆ ತಂತಿ ಸಿಕ್ಕಿಸಿ ನಡೆಸಬೇಕಿದ್ದ ಹೃದಯಪ್ರೇರಕಗಳು (ಪೇಸ್‌ಮೇಕರುಗಳು) ಎಷ್ಟು ಅಪಾಯಕಾರಿ ಎಂದು ಆ ದಿನ ತಿಳಿಯಿತು. ಶಸ್ತ್ರವೈದ್ಯ ವಾಲ್ಟನ್ ಲಿಲೆಹೈ ಕೇಳಿದ್ದಕ್ಕೆ ಬಕನ್ ನಾಲ್ಕೇ ವಾರದಲ್ಲಿ ಬ್ಯಾಟರಿಯಿಂದ ನಡೆಯುವ, ಮೈಮೇಲೆ ಧರಿಸಬಹುದಾದ ಪೇಸ್‌ಮೇಕರನ್ನು ಮಾಡಿಕೊಟ್ಟರು. ಆ ನಾಲ್ಕು ವಾರ ಮಿನ್ನೆಸೋಟದ ನವೆಂಬರ್. ಅಂದು ಅವರಿಗೆ ಆಸರೆಯಾದ ಒಲೆಯನ್ನು ಇಂದಿನ ಸುರಕ್ಷತಾ ನಿಯಮಗಳು ಗ್ಯಾರೇಜಿನೊಳಗೆ ಬಿಡುವುದಿಲ್ಲ.

ಚಳಿ ಬಂದಾಗ ಬಹುಪಾಲು ಜನ ಮೊದಲು ಕೊಳ್ಳುವುದು ಹೀಟರನ್ನು. ಈ ಕ್ರಮವೇ ತಿರುಗುಮುರುಗು. ಒಂದು ಮಾದರಿ ಲೆಕ್ಕ ಹಾಕಿದರೆ ಯಾಕೆಂದು ತಿಳಿಯುತ್ತದೆ. ಎರಡು ಕಾರಿನ ಗ್ಯಾರೇಜು, 24 ಅಡಿ ಉದ್ದ, 24 ಅಡಿ ಅಗಲ, 9 ಅಡಿ ಎತ್ತರ. ಒಂದು ಗೋಡೆ ಮನೆಗೆ ಅಂಟಿಕೊಂಡಿದೆ. ಹೊರಗೆ ಮೈನಸ್ 23 ಡಿಗ್ರಿ, ಒಳಗೆ ಬೇಕಾದದ್ದು 15 ಅಥವಾ 16. ಏನೂ ಹೊದಿಸದ ಗ್ಯಾರೇಜಿನಲ್ಲಿ ಛಾವಣಿಯಿಂದ ಸುಮಾರು 6 ಕಿಲೋವ್ಯಾಟ್, ಗೋಡೆಗಳಿಂದ ಮೂರೂವರೆ, ದೊಡ್ಡ ಬಾಗಿಲಿನಿಂದ ಎರಡೂಕಾಲು, ನೆಲದ ಅಂಚಿನಿಂದ ಒಂದಕ್ಕೆ ತುಸು ಮೇಲೆ, ಕಿಟಕಿ ಮತ್ತು ಪಕ್ಕದ ಬಾಗಿಲಿನಿಂದ ಅರ್ಧದೊಳಗೆ, ಸಂದುಗಳ ಗಾಳಿಯಿಂದ ಸುಮಾರು ನಾಲ್ಕು, ಹೀಗೆ ಒಟ್ಟು 17 ಕಿಲೋವ್ಯಾಟಿನಷ್ಟು ಶಾಖ ಸೋರುತ್ತಲೇ ಇರುತ್ತದೆ. ಅಲ್ಲಿನ ಹೀಟರುಗಳ ಮೇಲೆ ಬರೆದಿರುವ ಭಾಷೆಯಲ್ಲಿ ಹೇಳುವುದಾದರೆ ಗಂಟೆಗೆ 58,000 ಬಿಟಿಯು. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಸಾಮಾನ್ಯ ಪ್ಲಗ್ಗಿಗೆ ಹಾಕುವ ಹೀಟರು ಕೊಡುವುದು ಒಂದೂವರೆ ಕಿಲೋವ್ಯಾಟ್. ತೂತುಬಿದ್ದ ಕೊಡಕ್ಕೆ ಲೋಟದಲ್ಲಿ ನೀರು ಹೊಯ್ದ ಹಾಗೆ.

ಅದೇ ಗ್ಯಾರೇಜಿನ ಗೋಡೆಗೆ ಆರ್-13, ಅಟ್ಟಕ್ಕೆ ಆರ್-38 ದರ್ಜೆಯ ಹೊದಿಕೆ ಹಾಕಿ, ಬಾಗಿಲನ್ನು ಫೋಮು ತುಂಬಿದ್ದಕ್ಕೆ ಬದಲಿಸಿ, ಸಂದುಗಳನ್ನು ಮುಚ್ಚಿದರೆ ಒಟ್ಟು ನಷ್ಟ ನಾಲ್ಕೂವರೆ ಕಿಲೋವ್ಯಾಟಿಗೆ ಇಳಿಯುತ್ತದೆ, ಹೆಚ್ಚುಕಡಿಮೆ ಕಾಲುಭಾಗ. 240 ವೋಲ್ಟಿನ 5 ಕಿಲೋವ್ಯಾಟ್ ವಿದ್ಯುತ್ ಹೀಟರು ಈಗ ಸಾಕಾಗುತ್ತದೆ. ಈ ಎರಡನೆಯ ಲೆಕ್ಕದೊಳಗೆ ಇನ್ನೊಂದು ಸಂಗತಿಯೂ ಇದೆ. ಛಾವಣಿಯ ನಷ್ಟ 6 ಕಿಲೋವ್ಯಾಟಿನಿಂದ 0.3ಕ್ಕೆ ಕುಸಿದಿದೆ, ಆದರೆ ಉಳಿದ ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯದು ಮತ್ತು ನೆಲದ ಅಂಚಿನದು. ಆರ್-13ರ ಬದಲು ಆರ್-21 ಹಾಕಬೇಕೇ ಎಂದು ತಲೆಕೆಡಿಸಿಕೊಳ್ಳುವವರು ಬಾಗಿಲ ಕೆಳಗಿನ ಸಂದನ್ನು ಬಗ್ಗಿ ನೋಡುವುದು ಲೇಸು.

ಆರ್ ಎಂಬುದು ಶಾಖಕ್ಕೆ ಒಂದು ಪದರ ಒಡ್ಡುವ ತಡೆಯ ಅಳತೆ; ಸಂಖ್ಯೆ ದೊಡ್ಡದಾದಷ್ಟು ತಡೆ ಹೆಚ್ಚು. ಇಂಚು ದಪ್ಪಕ್ಕೆ ಗಾಜಿನ ಉಣ್ಣೆಯದು ಮೂರೂವರೆ ಆಸುಪಾಸು, ಕಲ್ಲುಣ್ಣೆಯದು ನಾಲ್ಕಕ್ಕೆ ತುಸು ಮೇಲೆ, ಬಿಳಿ ಥರ್ಮೋಕೋಲಿನದು ಸುಮಾರು 4, ಒತ್ತಿ ತೆಗೆದ ನೀಲಿ ಅಥವಾ ಗುಲಾಬಿ ಫೋಮು ಹಲಗೆಯದು 5, ಸಿಂಪಡಿಸುವ ಗಟ್ಟಿ ಫೋಮಿನದು ಆರರಿಂದ ಏಳು. ಕಾಂಕ್ರೀಟಿನದು ಇಂಚಿಗೆ 0.1ನ್ನೂ ಮುಟ್ಟುವುದಿಲ್ಲ. ಅಂದರೆ ಒಂದಿಂಚು ಥರ್ಮೋಕೋಲ್ ತಡೆಯುವಷ್ಟು ಶಾಖ ತಡೆಯಲು ನಾಲ್ಕು ಅಡಿ ದಪ್ಪದ ಕಾಂಕ್ರೀಟು ಬೇಕು. ದಪ್ಪ ಗೋಡೆ ಬೆಚ್ಚಗಿರುತ್ತದೆ ಎಂಬ ನಂಬಿಕೆ ನಮ್ಮ ಮಣ್ಣಿನ ಗೋಡೆಯ ಮನೆಗಳಲ್ಲಿ ಸಲ್ಲಬಹುದು. ಹಗಲು ಕಾದು ರಾತ್ರಿ ತಣಿಯುವ ಊರಿನ ಅನುಭವ ಅದು. ಮೂರು ತಿಂಗಳು ಒಂದೇ ಸಮನೆ ಹೆಪ್ಪುಗಟ್ಟಿರುವ ನಾಡಿನಲ್ಲಿ ದಪ್ಪಕ್ಕಿಂತ ಪದರದೊಳಗೆ ಸಿಕ್ಕಿಕೊಂಡ ನಿಶ್ಚಲ ಗಾಳಿ ಮುಖ್ಯ. ಕಂಬಳಿಯ ಗುಟ್ಟೂ ಅದೇ.

ಚಲಿಸುವ ಗಾಳಿ ಕಂಬಳಿಗೆ ಶತ್ರು. ಆದ್ದರಿಂದ ಕೆಲಸ ಶುರುವಾಗಬೇಕಾದ್ದು ದೊಡ್ಡ ಬಾಗಿಲಿನಲ್ಲಿ. ಅದರ ಕೆಳಗಂಚಿನ ರಬ್ಬರು ಸವೆದು ಮೂರು ಮಿಲಿಮೀಟರು ಸಂದು ಬಿಟ್ಟಿದೆ ಎಂದುಕೊಳ್ಳಿ. 16 ಅಡಿ ಉದ್ದಕ್ಕೆ ಅದನ್ನು ಒಟ್ಟುಗೂಡಿಸಿದರೆ 12 ಸೆಂಟಿಮೀಟರು ಚೌಕದ ತೂತಾಗುತ್ತದೆ. ಗೋಡೆಯಲ್ಲಿ ಅಷ್ಟು ದೊಡ್ಡ ಕಿಂಡಿ ಇದ್ದರೆ ಯಾರೂ ಸುಮ್ಮನಿರುತ್ತಿರಲಿಲ್ಲ. ಸೀಳಿನ ರೂಪದಲ್ಲಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಕೊರೆಯುವ ಚಳಿಯ ಬೆಳಗ್ಗೆ ಅದನ್ನು ಹಿಮವೇ ತೋರಿಸಿಕೊಡುತ್ತದೆ: ಸಂದು ಇರುವಲ್ಲೆಲ್ಲ ಒಳಬದಿಯ ತಗಡಿನ ಮೇಲೆ ಬಿಳಿ ಗರಿಗಳಂಥ ಇಬ್ಬನಿಗಡ್ಡೆ ಮೂಡಿರುತ್ತದೆ, ಒಂದು ಸುತ್ತಿನ ಟಾರ್ಚು ಬೆಳಕಿಗೆ ಸೋರುವ ಜಾಗಗಳ ನಕ್ಷೆಯೇ ಸಿಗುತ್ತದೆ. ಉಳಿದ ಕಡೆ ಹುಡುಕಲು ಅಲ್ಲಿನ ತಜ್ಞರು ಹೊಗೆಪೆನ್ಸಿಲು ಬಳಸುತ್ತಾರೆ. ಅಲ್ಲಿ ನೆಲೆಸಿದ ಕನ್ನಡಿಗರ ಮನೆಯಲ್ಲಿ ದೇವರ ಮುಂದೆ ಊದುಬತ್ತಿ ಹೇಗೂ ಇರುತ್ತದೆ. ಗಾಳಿ ಬೀಸುವ ದಿನ ಅದನ್ನು ಹಚ್ಚಿ ಸ್ವಿಚ್ ಪೆಟ್ಟಿಗೆ, ಕಿಟಕಿಯ ಚೌಕಟ್ಟು, ಗೋಡೆ ನೆಲಕ್ಕೆ ಕೂಡುವ ಮೂಲೆಗಳ ಬಳಿ ಹಿಡಿದರೆ ಹೊಗೆ ಓರೆಯಾದಲ್ಲಿ ಸಂದು ಇದೆ. ಕಾರು, ಪೆಟ್ರೋಲು ಡಬ್ಬಿ, ತಿನ್ನರುಗಳನ್ನು ಮೊದಲು ಹೊರಗಿಟ್ಟು, ಒಳಗಿನ ಗಾಳಿ ಬದಲಾದ ಮೇಲೆ ಮಾಡಬೇಕಾದ ಕೆಲಸ ಇದು.

ಬಾಗಿಲಿನ ರಬ್ಬರು ಎಲ್ಲವೂ ಒಂದೇ ಅಲ್ಲ. ಅಗ್ಗದ ವಿನೈಲು ಚಳಿಗೆ ಸೆಟೆದು ಕೋಲಿನಂತಾಗುತ್ತದೆ, ನೆಲದ ಏರಿಳಿತಕ್ಕೆ ಒಗ್ಗುವುದಿಲ್ಲ. ಇಪಿಡಿಎಂ ಎಂಬ ರಬ್ಬರು ಮೆತ್ತಗೇ ಉಳಿಯುತ್ತದೆ. ಕಾರಿನಿಂದ ಕರಗಿದ ಹಿಮ ಬಾಗಿಲಿನತ್ತ ಹರಿದು, ರಾತ್ರಿ ಹೆಪ್ಪುಗಟ್ಟಿ, ರಬ್ಬರನ್ನು ನೆಲಕ್ಕೆ ಬೆಸೆದುಬಿಡುವುದೂ ಉಂಟು. ಬೆಳಗ್ಗೆ ಮೋಟಾರಿನ ಗುಂಡಿ ಒತ್ತಿದರೆ ಬಾಗಿಲು ಮೇಲೆ, ರಬ್ಬರು ಕೆಳಗೆ. ಸಿಲಿಕೋನ್ ಸಿಂಪಡಿಸಿಟ್ಟರೆ ಇದು ಕಡಿಮೆಯಾಗುತ್ತದೆ.

ಬಾಗಿಲಿನ ಹಲಗೆಗಳಿಗೆ ಫೋಮು ಸಿಕ್ಕಿಸುವ ಕಿಟ್ಟುಗಳು ಸಿಗುತ್ತವೆ. ಖರ್ಚು ಕಡಿಮೆ, ಕೆಲಸ ಅರ್ಧ ದಿನದ್ದು. ಆದರೆ ತಗಡಿನ ಬಾಗಿಲಿನ ಭಾರಕ್ಕೆ ತಕ್ಕಂತೆ ಮೇಲಿನ ತಿರುಚು ಸ್ಪ್ರಿಂಗನ್ನು ಬಿಗಿದಿರುತ್ತಾರೆ. ಐದಾರು ಕಿಲೋ ಕೂಡಿದರೂ ಆ ತೂಕದ ಲೆಕ್ಕ ತಪ್ಪುತ್ತದೆ. ಮೋಟಾರಿನ ಕೊಂಡಿ ಬಿಚ್ಚಿ ಬಾಗಿಲನ್ನು ಅರ್ಧಕ್ಕೆ ಎತ್ತಿ ಬಿಟ್ಟಾಗ ಅದು ಅಲ್ಲೇ ನಿಲ್ಲಬೇಕು. ಜಾರಿ ಕೆಳಗಿಳಿದರೆ ಸ್ಪ್ರಿಂಗು ಹೊಂದಿಸಬೇಕು, ಅದನ್ನು ಕಸುಬುದಾರರಿಂದಲೇ ಮಾಡಿಸಬೇಕು. ಬಿಗಿದ ಸ್ಪ್ರಿಂಗು ಕೈತಪ್ಪಿ ಬಿಚ್ಚಿಕೊಂಡರೆ ಮೂಳೆ ಮುರಿಯುತ್ತದೆ. ಕಾರ್ಖಾನೆಯಲ್ಲೇ ಫೋಮು ತುಂಬಿ ಬರುವ ಹೊಸ ಬಾಗಿಲು ಒಳ್ಳೆಯ ಆಯ್ಕೆ. ಆದರೆ ಅದರ ಮೇಲೆ ಬರೆದ ಆರ್-16, ಆರ್-18ನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆ ಅಂಕಿ ಹಲಗೆಯ ನಡುಭಾಗದ್ದು. ಕೀಲು, ಸೇರುವೆ, ಅಂಚುಗಳನ್ನು ಸೇರಿಸಿಕೊಂಡ ಇಡೀ ಬಾಗಿಲಿನದು ಅದಕ್ಕಿಂತ ಬಹಳ ಕಡಿಮೆ.

ಗೋಡೆಯ ಕೆಲಸ ಸರಳ. ನಿಂತ ಮರದ ಪಟ್ಟಿಗಳ ನಡುವಿನ ಮೂರೂವರೆ ಇಂಚು ಆಳದ ಗೂಡುಗಳಿಗೆ ಗಾಜಿನ ಉಣ್ಣೆಯನ್ನೋ ಕಲ್ಲುಣ್ಣೆಯನ್ನೋ ತುಂಬಿ, ಮೇಲೆ ಡ್ರೈವಾಲ್ ಎಂದು ಕರೆಯುವ ಜಿಪ್ಸಮ್ ಹಲಗೆ ಹೊಡೆಯುವುದು. ಉಣ್ಣೆಯನ್ನು ತುರುಕಬಾರದು, ಒತ್ತಿದಷ್ಟೂ ಒಳಗಿನ ಗಾಳಿ ಹೋಗಿ ತಡೆ ಕುಗ್ಗುತ್ತದೆ. ತಂತಿ ಹಾದುಹೋಗುವಲ್ಲಿ ಉಣ್ಣೆಯನ್ನು ಸೀಳಿ ತಂತಿಯ ಎರಡೂ ಬದಿಗೆ ಕೂರಿಸಬೇಕು. ಗಾಜಿನ ಉಣ್ಣೆಯನ್ನು ಇಲಿಗಳು ಹಾಸಿಗೆ ಮಾಡಿಕೊಳ್ಳುತ್ತವೆ, ಹೊದಿಸದೆ ಬಿಟ್ಟ ಗೋಡೆ ಮುಂದಿನ ಚಳಿಗಾಲಕ್ಕೆ ಅವುಗಳ ಬಾಣಂತಿಕೋಣೆ. ಫೋಮು ಹಲಗೆಯನ್ನಂತೂ ಬರಿಯದಾಗಿ ಬಿಡುವಂತೆಯೇ ಇಲ್ಲ. ಬೆಂಕಿ ತಗುಲಿದರೆ ಅದು ಉರಿಯುವ ವೇಗ, ಬಿಡುವ ಹೊಗೆ ಎರಡೂ ಭಯಂಕರ. ಅದಕ್ಕೇ ಅರ್ಧ ಇಂಚಿನ ಜಿಪ್ಸಮ್ ಹಲಗೆಯ ಮರೆ ಕಡ್ಡಾಯ. ಮನೆಗೂ ಗ್ಯಾರೇಜಿಗೂ ನಡುವಿನ ಗೋಡೆಗೂ ಅಷ್ಟೇ ದಪ್ಪದ ಹಲಗೆ ಬೇಕೆಂದು ಅಲ್ಲಿನ ವಸತಿ ಕಟ್ಟಡ ಸಂಹಿತೆ ಹೇಳುತ್ತದೆ. ಮೇಲ್ಗಡೆ ವಾಸದ ಕೋಣೆಯಿದ್ದರೆ ಛಾವಣಿಗೆ ಇನ್ನೂ ದಪ್ಪನೆಯ, ಬೆಂಕಿ ತಾಳುವ ಬಗೆಯದು. ಆ ನಡುಗೋಡೆಯ ಸಂದುಗಳನ್ನು ಮುಚ್ಚುವುದರಿಂದ ಶಾಖದ ಲಾಭ ಸ್ವಲ್ಪವೇ. ನಿಜವಾದ ಲಾಭವೆಂದರೆ ಪೆಟ್ರೋಲಿನ ಆವಿ, ಕಾರಿನ ಹೊಗೆ ಮಲಗುವ ಕೋಣೆಯತ್ತ ನುಸುಳುವುದಿಲ್ಲ.

ತೇವದ ವಿಷಯದಲ್ಲಿ ಎಡವುವವರೇ ಹೆಚ್ಚು. ಬೆಚ್ಚಗಿನ ಗಾಳಿ ನೀರಾವಿಯನ್ನು ಹೊತ್ತು ಗೋಡೆಯೊಳಗೆ ನುಗ್ಗುತ್ತದೆ, ಹೊರಹಲಗೆಯ ಬಳಿ ತಣ್ಣಗಾಗಿ ನೀರಾಗುತ್ತದೆ ಅಥವಾ ಮಂಜುಗಡ್ಡೆಯಾಗುತ್ತದೆ. ಅದನ್ನು ತಡೆಯಲು ಬೆಚ್ಚಗಿನ ಬದಿಗೆ, ಅಂದರೆ ಜಿಪ್ಸಮ್ ಹಲಗೆಯ ಬೆನ್ನಿಗೆ, ಪ್ಲಾಸ್ಟಿಕ್ ಹಾಳೆ ಅಥವಾ ಉಣ್ಣೆಗೇ ಅಂಟಿಸಿ ಬರುವ ಕಂದುಕಾಗದದ ಆವಿತಡೆ ಇರಬೇಕು. ಕಾಗದವಿರುವ ಬದಿ ಹೊರಗಾಗುವಂತೆ ತಿರುವುಮುರುವು ಹಾಕಿದರೆ ಗೋಡೆಯೊಳಗೆ ನೀರು ಹಿಡಿದಿಡುವ ಚೀಲ ಹೊಲಿದಂತೆ. ಬೆಂಗಳೂರಿನಿಂದ ಹೋದವರಿಗೆ ಹೊಸದೆನಿಸುವ ಮಾತಿದು. ಇಲ್ಲಿ ನೀರು ಗೋಡೆಗೆ ಹೊರಗಿನಿಂದ ಬರುತ್ತದೆ, ಅಲ್ಲಿ ಒಳಗಿನಿಂದಲೂ ಬರುತ್ತದೆ.

ಅಟ್ಟದಲ್ಲಿ ಇದೇ ಕಥೆ ಇನ್ನಷ್ಟು ನಾಟಕೀಯ. ಛಾವಣಿಯ ತೂತುಗಳಿಂದ ಮೇಲೇರಿದ ಆವಿ ಸೂರಿನ ಹಲಗೆಯಿಂದ ಒಳಕ್ಕೆ ಚಾಚಿರುವ ಮೊಳೆಗಳ ತುದಿಗೆ ಕಟ್ಟಿಕೊಳ್ಳುತ್ತದೆ. ಜನವರಿಯಲ್ಲಿ ಟಾರ್ಚು ಹಿಡಿದು ಅಟ್ಟಕ್ಕೆ ಇಣುಕಿದರೆ ನೂರಾರು ಮೊಳೆಗಳು ಒಂದೊಂದೂ ಬಿಳಿ ಮಲ್ಲಿಗೆ ಮೊಗ್ಗಿನಂತೆ ಕಾಣುತ್ತವೆ. ಬಿಸಿಲೇರಿದ ಮೊದಲ ದಿನ ಅವೆಲ್ಲ ಒಟ್ಟಿಗೆ ಕರಗಿ ತೊಟ್ಟಿಕ್ಕುತ್ತವೆ. ಮಳೆಯಿಲ್ಲದ ದಿನ ಸೂರು ಸೋರಿದ್ದು ಹೇಗೆಂದು ಮನೆಯವರು ಕಕ್ಕಾಬಿಕ್ಕಿ. ಛಾವಣಿಯ ಹಲಗೆಯ ಸಂದು, ದೀಪದ ಪೆಟ್ಟಿಗೆ, ಅಟ್ಟದ ಮುಚ್ಚಳ ಇವನ್ನು ಮೊದಲು ಮುಚ್ಚಿ, ಆಮೇಲೆ ಒಂದಡಿ ಆಸುಪಾಸು ದಪ್ಪಕ್ಕೆ ಸೆಲ್ಯುಲೋಸನ್ನೋ ಬಿಡಿ ಗಾಜಿನ ಉಣ್ಣೆಯನ್ನೋ ಊದಿ ತುಂಬಬೇಕು. ಸೂರಿನ ಅಂಚಿನಿಂದ ನೆತ್ತಿಗೆ ಗಾಳಿ ಹರಿಯುವ ದಾರಿಯನ್ನು ಆ ಉಣ್ಣೆ ಮುಚ್ಚದಂತೆ ತಡೆಹಾಳೆ ಇಡಬೇಕು. ಹೊದಿಕೆಯಿಲ್ಲದ ಅಟ್ಟದ ಕೆಳಗೆ ಹೀಟರು ಉರಿಸಿದರೆ ಸೂರಿನ ಮೇಲಿನ ಹಿಮ ಕರಗಿ, ಅಂಚಿಗೆ ಹರಿದು, ಅಲ್ಲಿ ಮತ್ತೆ ಹೆಪ್ಪುಗಟ್ಟಿ ಕಟ್ಟೆಯಾಗುತ್ತದೆ. ಅದರ ಹಿಂದೆ ನಿಂತ ನೀರು ಹೆಂಚುಹಾಳೆಗಳಡಿ ನುಗ್ಗುತ್ತದೆ. ಇನ್ನೊಂದು ಎಚ್ಚರಿಕೆ: ಇಷ್ಟು ಛಾವಣಿಗೆ ಜಿಪ್ಸಮ್ ಹಲಗೆ ಹೊಡೆದರೆ ಭಾರ ಅರ್ಧ ಟನ್ನಿನ ಆಸುಪಾಸು. ಹಳೆಯ ಗ್ಯಾರೇಜಿನ ತೊಲೆಗಳು ಅದಕ್ಕೆಂದು ಲೆಕ್ಕ ಹಾಕಿದವೇ ಎಂದು ನೋಡಿಕೊಳ್ಳದೆ ಕೈಹಾಕಬಾರದು.

ನೆಲದ ಸ್ವಭಾವವೇ ಬೇರೆ. ಈ ಮಾದರಿ ಗ್ಯಾರೇಜಿನ ಕಾಂಕ್ರೀಟು ಹನ್ನೆರಡು ಟನ್ನಿಗೂ ಹೆಚ್ಚು ತೂಗುತ್ತದೆ. ಅದರ ತಾಪವನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಮೂರು ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಒಳಗಿನ ಗಾಳಿಗೆ ಬೇಕಾದದ್ದು ಒಂದು ಯೂನಿಟ್ಟಿನ ಇಪ್ಪತ್ತನೇ ಒಂದು ಪಾಲು. ಹೀಟರು ಹಚ್ಚಿದ ಅರ್ಧ ಗಂಟೆಗೆ ಗೋಡೆಯ ಥರ್ಮಾಮೀಟರು 15 ತೋರಿಸಿದರೂ ಪಾದ ಮರಗಟ್ಟುವುದು ಈ ಅರವತ್ತು ಪಟ್ಟಿನ ವ್ಯತ್ಯಾಸದಿಂದ. ಹೊಸದಾಗಿ ಕಟ್ಟುವವರು ಕಾಂಕ್ರೀಟಿನ ಕೆಳಗೆ ಎರಡಿಂಚು ಫೋಮು ಹಾಕಿ, ಒಳಗೆ ಬಿಸಿನೀರಿನ ಪ್ಲಾಸ್ಟಿಕ್ ಕೊಳವೆ ಹೂತು ನೆಲವನ್ನೇ ಹೀಟರಾಗಿಸುತ್ತಾರೆ. ಇಷ್ಟು ಹಿತವಾದ ಬೆಚ್ಚನೆ ಇನ್ನೊಂದರಿಂದ ಸಿಗದು. ಆದರೆ ವಾರಕ್ಕೊಮ್ಮೆ ಕೆಲಸ ಮಾಡುವವರಿಗೆ ಇದು ದಂಡ, ಯಾಕೆಂದರೆ ಬೇಕೆಂದಾಗ ಬಿಸಿ, ಬೇಡವೆಂದಾಗ ತಣ್ಣಗೆ ಎನ್ನುವಂತಿಲ್ಲ. ಇರುವ ನೆಲಕ್ಕೆ ಹೊರಗಿನಿಂದ ಅಂಚಿನ ಸುತ್ತ ಮಣ್ಣು ಅಗೆದು ಫೋಮು ಹಲಗೆ ನಿಲ್ಲಿಸಬಹುದು. ದಕ್ಷಿಣ ಮಿನ್ನೆಸೋಟದಲ್ಲಿ ಹೆಪ್ಪು ಇಳಿಯುವ ಆಳವೆಂದು ಅಡಿಪಾಯಕ್ಕೆ 42 ಇಂಚು, ಉತ್ತರದಲ್ಲಿ 60 ಇಂಚು ಹಿಡಿಯುತ್ತಾರೆ, ಅಷ್ಟು ಅಗೆಯಲು ಎಲ್ಲರಿಗೂ ಆಗದು. ಬೆಂಚಿನ ಮುಂದಷ್ಟೇ ಒಂದಿಂಚು ಫೋಮು, ಅದರ ಮೇಲೆ ಪ್ಲೈವುಡ್ ಹಾಸಿದರೆ ಪಾದದ ಮಟ್ಟಿಗೆ ಸಮಸ್ಯೆ ತೀರುತ್ತದೆ. ದಪ್ಪ ರಬ್ಬರು ಚಾಪೆಯೂ ಪರವಾಗಿಲ್ಲ.

ಇಷ್ಟಾದ ಮೇಲೆ ಹೀಟರಿನ ಮಾತು. ಚಳಿಗಾಲ ಶುರುವಾದೊಡನೆ ಅಂಗಡಿಗಳ ಮುಂಬಾಗಿಲಲ್ಲೇ ಪೇರಿಸಿಡುವ, ಗ್ಯಾಸ್ ಸಿಲಿಂಡರಿನ ತಲೆಗೆ ಸಿಕ್ಕಿಸುವ ಅಥವಾ ಸೀಮೆಎಣ್ಣೆ ಹೊಯ್ದು ಫಿರಂಗಿಯಂತೆ ಬಿಸಿಗಾಳಿ ಉಗುಳುವ ಹೀಟರುಗಳು ಅಗ್ಗ, ಬಲಶಾಲಿ, ಮತ್ತು ಮುಚ್ಚಿದ ಗ್ಯಾರೇಜಿಗೆ ಕೆಟ್ಟ ಆಯ್ಕೆ. ಅವಕ್ಕೆ ಹೊಗೆಕೊಳವೆ ಇಲ್ಲ. ಉರಿದದ್ದೆಲ್ಲ ಒಳಗೇ ಉಳಿಯುತ್ತದೆ. ಉರಿ ಪೂರ್ಣವಾಗದಿದ್ದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ಮಂಕು, ಆಮೇಲೆ ಎಚ್ಚರ ತಪ್ಪುವುದು. ಒಗ್ಗರಣೆಯ, ಕರಿದ ಎಣ್ಣೆಯ ವಾಸನೆ ಮನೆಯ ಕಾರ್ಪೆಟ್ಟಿಗೆ ಹಿಡಿಯಬಾರದೆಂದು ಗ್ಯಾರೇಜಿನಲ್ಲಿ ಗ್ಯಾಸ್ ಒಲೆ ಇಟ್ಟುಕೊಳ್ಳುವ ಭಾರತೀಯ ಮನೆಗಳಿಗೂ ಇದೇ ಎಚ್ಚರಿಕೆ ಅನ್ವಯ: ಚಳಿಯೆಂದು ದೊಡ್ಡ ಬಾಗಿಲು ಮುಚ್ಚಿಕೊಂಡು ಗಂಟೆಗಟ್ಟಲೆ ಹೋಳಿಗೆ ಬೇಯಿಸುವುದು ಅಪಾಯ. ವಿಷದ ಜೊತೆಗೆ ನೀರೂ ಇದೆ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಲೀಟರು ನೀರು ಆವಿಯಾಗಿ ಹೊರಬರುತ್ತದೆ. ನಮ್ಮ ಅಡುಗೆಮನೆಯ 14.2 ಕಿಲೋ ಸಿಲಿಂಡರಿನ ಲೆಕ್ಕದಲ್ಲಿ ಹೇಳಿದರೆ ಒಂದು ಸಿಲಿಂಡರಿಗೆ 22 ಲೀಟರಿನಷ್ಟು, ಒಂದು ದೊಡ್ಡ ಬಕೆಟ್ಟು.

ಆ ಬಕೆಟ್ಟು ಹೋಗಿ ಕೂರುವುದು ಎರಕದ ಕಬ್ಬಿಣದ ಮೇಲೆ. ಗರಗಸದ ಯಂತ್ರದ ಮೇಜು, ಕೀಸುಳಿಯ ಅಡಿ, ಡ್ರಿಲ್ಲಿನ ಪೀಠ ರಾತ್ರಿಯಿಡೀ ಕೊರೆದು ಸೊನ್ನೆ ಡಿಗ್ರಿಯಲ್ಲಿರುತ್ತವೆ. ಗಾಳಿ ಮಾತ್ರ ಹದಿನೈದು ನಿಮಿಷದಲ್ಲಿ ಬಿಸಿಯಾಗಿ, ಉರಿಯ ತೇವದಿಂದ ತುಂಬಿರುತ್ತದೆ. 20 ಡಿಗ್ರಿಯ, ಶೇ 50 ಆರ್ದ್ರತೆಯ ಗಾಳಿ 9 ಡಿಗ್ರಿಯ ಆಸುಪಾಸಿನ ಯಾವ ಮೇಲ್ಮೈ ಮುಟ್ಟಿದರೂ ಬೆವರುತ್ತದೆ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯಂತೆ ಯಂತ್ರದ ಮೇಜು ಒದ್ದೆಯಾಗಿ, ಸಂಜೆಗೆ ಒಣಗಿ, ಮಾರನೆಯ ವಾರ ಕಿತ್ತಳೆ ಬಣ್ಣದ ಚುಕ್ಕೆಗಳು. ಪೇಸ್ಟು ಮೇಣ ಸವರುವುದು, ಮೇಜಿಗೆ ಹೊದಿಕೆ ಹಾಕುವುದು ಸ್ವಲ್ಪ ಮಟ್ಟಿಗೆ ಕಾಪಾಡುತ್ತವೆ. ಮೂಲ ಪರಿಹಾರ ಒಂದೇ, ಯಂತ್ರವನ್ನು ಅಷ್ಟು ತಣ್ಣಗಾಗಲು ಬಿಡದಿರುವುದು.

ಹೊಗೆಕೊಳವೆ ಇರುವ ಗ್ಯಾಸ್ ಹೀಟರು ಛಾವಣಿಯಿಂದ ತೂಗುವ ಪೆಟ್ಟಿಗೆ; ನಗರದ ಕೊಳವೆ ಗ್ಯಾಸು ಇದ್ದಲ್ಲಿ ನಡೆಸುವ ಖರ್ಚು ಕಡಿಮೆ. ಇದರಲ್ಲೂ ಎರಡು ಬಗೆ. ಒಂದು ಉರಿಯಲು ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುತ್ತದೆ, ಜೊತೆಗೆ ಮರದ ಪುಡಿಯನ್ನೂ ತಿನ್ನರಿನ ಆವಿಯನ್ನೂ. ಇನ್ನೊಂದು ಹೊರಗಿನಿಂದಲೇ ಗಾಳಿ ತಂದು ಹೊರಗೇ ಹೊಗೆ ಬಿಡುತ್ತದೆ. ಮರಗೆಲಸದ ಜಾಗಕ್ಕೆ ಎರಡನೆಯದೇ ತಕ್ಕದ್ದು, ಬೆಲೆ ಹೆಚ್ಚಾದರೂ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡಿರುತ್ತದೆ. ಗ್ಯಾರೇಜಿನಲ್ಲಿ ಕಿಡಿ ಅಥವಾ ಜ್ವಾಲೆಯಿರುವ ಉಪಕರಣಗಳನ್ನು ನೆಲದಿಂದ 18 ಇಂಚಾದರೂ ಮೇಲಿಡಬೇಕು ಎಂಬ ನಿಯಮ ಅದಕ್ಕಾಗಿ. ಮನೆಯ ಫರ್ನೇಸಿನಿಂದ ಒಂದು ಗಾಳಿಕೊಳವೆ ಗ್ಯಾರೇಜಿಗೂ ಎಳೆದುಬಿಡೋಣ ಎಂಬ ಸುಲಭದ ಉಪಾಯ ಎಲ್ಲರಿಗೂ ಹೊಳೆಯುತ್ತದೆ, ಸಂಹಿತೆ ಅದನ್ನು ನಿಷೇಧಿಸಿದೆ. ಗ್ಯಾರೇಜಿನ ಗಾಳಿ ಮನೆಯ ಗಾಳಿಯೊಡನೆ ಬೆರೆಯಕೂಡದು. ಸೌದೆ ಒಲೆಯೂ ಇಲ್ಲ: ಎನ್‌ಎಫ್‌ಪಿಎ 211 ಎಂಬ ಅಗ್ನಿಸುರಕ್ಷಾ ಮಾನಕ ಗ್ಯಾರೇಜಿನಲ್ಲಿ ಘನ ಇಂಧನದ ಒಲೆಗಳನ್ನು ಒಪ್ಪುವುದಿಲ್ಲ. ಕಾರು ಒಳಗೆ ಬರುವುದೇ ಇಲ್ಲ, ಇದು ಬರೀ ಕಾರ್ಯಾಗಾರ ಎಂದು ವಾದಿಸಿದರೂ ವಿಮಾ ಕಂಪನಿ ಕೇಳುವುದು ಬಾಗಿಲಿನ ಅಳತೆಯನ್ನೇ.

ವಿದ್ಯುತ್ ಹೀಟರಿನಲ್ಲಿ ಹೊಗೆಯ ತಲೆನೋವಿಲ್ಲ, ತೇವವಿಲ್ಲ, ಅಳವಡಿಕೆ ಸುಲಭ. 5 ಕಿಲೋವ್ಯಾಟಿನದಕ್ಕೆ 240 ವೋಲ್ಟಿನಲ್ಲಿ ಸುಮಾರು 21 ಆಂಪಿಯರ್; ಗಂಟೆಗಟ್ಟಲೆ ಓಡುವುದರಿಂದ ಕಾಲುಭಾಗ ಮೀಸಲಿಟ್ಟು 30 ಆಂಪಿಯರಿನ ಪ್ರತ್ಯೇಕ ಸಾಲು ಎಳೆಸಬೇಕು. ಸಣ್ಣ ಹೀಟರನ್ನು ಎಕ್ಸ್‌ಟೆನ್ಷನ್ ವೈರಿಗೆ ಹಾಕಿ ಓಡಿಸುವುದು ಬೆಂಕಿಗೆ ಕೊಡುವ ಆಹ್ವಾನ. ಬೆಂಚಿನ ಮೇಲೆ ಒಂದರ್ಧ ಗಂಟೆ ಕೆಲಸವಿದ್ದಾಗ ಇನ್‌ಫ್ರಾರೆಡ್ ಪಟ್ಟಿಗಳು ಒಳ್ಳೆಯವು. ಗಾಳಿಯನ್ನು ಬಿಟ್ಟು ನೇರವಾಗಿ ಮೈಯನ್ನೂ ಉಪಕರಣಗಳನ್ನೂ ಕಾಯಿಸುತ್ತವೆ, ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತ ಹಾಗೆ.

ಹೀಟ್ ಪಂಪು, ಅಂದರೆ ತಿರುವುಮುರುವಾಗಿ ಓಡುವ ಸ್ಪ್ಲಿಟ್ ಎಸಿ, ಕೊಟ್ಟ ವಿದ್ಯುತ್ತಿನ ಎರಡು ಮೂರು ಪಟ್ಟು ಶಾಖ ಒಳಗೆ ತರುತ್ತದೆ. ಚಳಿನಾಡಿಗೆಂದೇ ಮಾಡಿದ ಮಾದರಿಗಳು ಮೈನಸ್ 25ರವರೆಗೂ ನಡೆಯುತ್ತವೆ, ಅಷ್ಟು ಚಳಿಯಲ್ಲಿ ಲಾಭ ಮಾತ್ರ ಇಳಿಯುತ್ತದೆ. ಬೇಸಿಗೆಗೆ ತಂಪೂ ಸಿಗುತ್ತದೆ ಎಂಬುದು ದೊಡ್ಡ ಆಕರ್ಷಣೆ. ಕಾರ್ಯಾಗಾರದಲ್ಲಿ ಅದಕ್ಕಿರುವ ತೊಡಕುಗಳನ್ನು ಮಾರುವವರು ಹೇಳುವುದಿಲ್ಲ: ಮರದ ಹೊಟ್ಟು ಜಾಲರಿಯನ್ನು ವಾರದಲ್ಲೇ ಕಟ್ಟಿಸುತ್ತದೆ, ಅನೇಕ ಮಾದರಿಗಳ ರಿಮೋಟಿನಲ್ಲಿ 16 ಡಿಗ್ರಿಗಿಂತ ಕೆಳಗಿನ ಬಿಸಿ ಇಡಲು ಬರುವುದೇ ಇಲ್ಲ. ಖಾಲಿ ಗ್ಯಾರೇಜನ್ನು 6 ಡಿಗ್ರಿಯಲ್ಲಿಟ್ಟು ಹೋಗೋಣವೆಂದರೆ ಆಗದು.

ಹೊಟ್ಟಿನ ಮಾತು ಬಂದದ್ದರಿಂದ ಹೊಟ್ಟು ಹೀರುವ ಯಂತ್ರದ ಲೆಕ್ಕವನ್ನೂ ಸೇರಿಸಬೇಕು. ನಿಮಿಷಕ್ಕೆ 800 ಘನ ಅಡಿ ಗಾಳಿ ಎಳೆದು ಹೊರಗೆ ಎಸೆಯುವಂತೆ ಜೋಡಿಸಿದ ಯಂತ್ರ ಈ ಮಾದರಿ ಗ್ಯಾರೇಜಿನ ಅಷ್ಟೂ ಬೆಚ್ಚಗಿನ ಗಾಳಿಯನ್ನು ಆರೂವರೆ ನಿಮಿಷದಲ್ಲಿ ಖಾಲಿ ಮಾಡುತ್ತದೆ. ಅಷ್ಟೇ ಹೊರಗಾಳಿ ಎಲ್ಲಿಂದಲಾದರೂ ನುಗ್ಗಬೇಕು. ಸಂದುಗಳನ್ನೆಲ್ಲ ಜತನದಿಂದ ಮುಚ್ಚಿದಲ್ಲಿ ಅದು ಗ್ಯಾಸ್ ಗೀಸರಿನ ಹೊಗೆಕೊಳವೆಯ ಮೂಲಕವೇ ಹಿಂದಕ್ಕೆ ಬರಬಹುದು, ಕಾರ್ಬನ್ ಮೊನಾಕ್ಸೈಡಿನ ಸಮೇತ. ಚಳಿಗಾಲಕ್ಕೆ ಸೂಕ್ಷ್ಮ ಧೂಳನ್ನೂ ಹಿಡಿಯುವ ಫಿಲ್ಟರು ಹಾಕಿ ಗಾಳಿಯನ್ನು ಒಳಗೇ ಬಿಡುವುದು ಸರಿ. ಮೊನಾಕ್ಸೈಡ್ ಸೂಚಕವನ್ನು ಗ್ಯಾರೇಜಿಗೆ ಹೊಂದಿಕೊಂಡ ಮನೆಯ ಭಾಗದಲ್ಲೂ ಇಡಬೇಕು.

ಎಷ್ಟು ಬಿಸಿ ಇಡಬೇಕು ಎಂಬುದಕ್ಕೆ ಒಂದೇ ಉತ್ತರವಿಲ್ಲ. ದಿನವೂ ಸಂಜೆ ಕೆಲಸ ಮಾಡುವವರು ಸದಾ 6 ಅಥವಾ 7 ಡಿಗ್ರಿ ಇಟ್ಟು, ಕೆಲಸಕ್ಕೆ ಮುಂಚೆ 15ಕ್ಕೆ ಏರಿಸುತ್ತಾರೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ತಾಪ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಮಿನ್ನೆಸೋಟದ ಗ್ಯಾರೇಜಿಗೆ ಅದು ಹಿತವಾದ ವಿಶ್ರಾಂತಿಯ ಮಟ್ಟ. ಕಬ್ಬಿಣ ಅಷ್ಟರಲ್ಲಿದ್ದರೆ ಬೆವರುವುದು ಅಪರೂಪ, ಅಂಟು ಹೆಪ್ಪುಗಟ್ಟುವುದಿಲ್ಲ, ನೆಲವೂ ಪೂರ್ತಿ ಕೊರೆಯುವುದಿಲ್ಲ. ಮನೆಯೊಳಗೆ ಇಡುವ ಪೀಠೋಪಕರಣ ಮಾಡುವವರು ಇನ್ನೊಂದನ್ನೂ ಗಮನಿಸಬೇಕು. ಚಳಿಗಾಲದಲ್ಲಿ ಬಿಸಿ ಮಾಡಿದ ಮನೆಯ ಗಾಳಿ ಬಹಳ ಒಣ; 21 ಡಿಗ್ರಿ, ಶೇ 30 ಆರ್ದ್ರತೆಯಲ್ಲಿ ಮರದೊಳಗಿನ ತೇವ ಶೇ 6ಕ್ಕೆ ಇಳಿಯುತ್ತದೆ. ತಣ್ಣನೆಯ ಗ್ಯಾರೇಜಿನಲ್ಲಿ ಶೇ 12ರಷ್ಟು ತೇವವಿದ್ದಾಗ ಅಳತೆ ಮಾಡಿ ಕೂರಿಸಿದ ಮೇಜಿನ ಹಲಗೆ ಮನೆಗೆ ಬಂದ ಮೇಲೆ ಕುಗ್ಗಿ, ಸೇರುವೆಯಲ್ಲಿ ಬಾಯಿಬಿಡುತ್ತದೆ. ಹಲಗೆಯನ್ನು ಒಂದೆರಡು ವಾರ ಮನೆಯೊಳಗೇ ಒರಗಿಸಿಟ್ಟು ಆಮೇಲೆ ಕೊಯ್ಯುವುದು ವಾಡಿಕೆ.

ರಜೆಗೊಮ್ಮೆ ಮಾತ್ರ ಗ್ಯಾರೇಜಿಗೆ ಇಳಿಯುವವರು ಇಡೀ ಕೋಣೆಯನ್ನು ತಿಂಗಳುಗಟ್ಟಲೆ ಕಾಯಿಸುವುದರಲ್ಲಿ ಅರ್ಥವಿಲ್ಲ. ಅವರಲ್ಲಿ ಜಾಣರು ಕೆಟ್ಟುಹೋದ ಹಳೆಯ ಫ್ರಿಜ್ಜೊಂದನ್ನು ಮೂಲೆಯಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ತಂಪನ್ನು ಹಿಡಿದಿಡಲು ಮಾಡಿದ ಅದರ ದಪ್ಪ ಗೋಡೆ ಕಾವನ್ನೂ ಅಷ್ಟೇ ಚೆನ್ನಾಗಿ ಹಿಡಿದಿಡುತ್ತದೆ. ಒಳಗೆ ತಾಪ ಇಳಿದಾಗ ತಾನೇ ಹೊತ್ತಿಕೊಳ್ಳುವಂತೆ ಜೋಡಿಸಿದ 40 ವ್ಯಾಟಿನ ಹಳೆಯ ಕಾಲದ ಬಲ್ಬು. ಎಲ್ಇಡಿ ಹಾಕಿದರೆ ಬೆಳಕಷ್ಟೇ ಬಂದೀತು. ಅಂಟಿನ ಬಾಟಲಿಗಳು, ನೀರಿನ ವಾರ್ನಿಷು, ಬಣ್ಣದ ಡಬ್ಬಿಗಳು ಅದರೊಳಗೆ ಚಳಿಗಾಲ ಕಳೆಯುತ್ತವೆ. ತಿನ್ನರು, ಸ್ಪಿರಿಟು, ಎಣ್ಣೆವಾರ್ನಿಷುಗಳನ್ನು ಅದರಲ್ಲಿ ಇಡುವಂತಿಲ್ಲ. ಅವು ಹೇಗೂ ಹೆಪ್ಪುಗಟ್ಟುವುದಿಲ್ಲ, ಮುಚ್ಚಿದ ಪೆಟ್ಟಿಗೆಯಲ್ಲಿ ಅವುಗಳ ಆವಿಗೆ ಬಲ್ಬಿನ ಒಂದು ಕಿಡಿ ಸಾಕು. ಬ್ಯಾಟರಿಗಳೂ ಚಾರ್ಜರೂ ಅಡುಗೆಮನೆಯ ಕಪಾಟಿಗೆ ಹೋಗುತ್ತವೆ.